ಚೆಲುವಾಜಮ್ಮನವರ ಶಾಲು

ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಬೆರಳ ಗೆಣ್ಣಿನಿಂದ ತಟ್ಟುವ ಸಭ್ಯರ ಸದ್ದಲ್ಲ ಅದು, ಅಂಗೈಯಿಂದ ಗುದ್ದುವ ಸದ್ದು. ದೀಪ ಹಾಕಿ ಚಿಲಕ ತೆಗೆದೆ. ಹೊಸ್ತಿಲಾಚೆ ಹಿರಿಯಣ್ಣಯ್ಯನವರು ನಿಂತಿದ್ದರು. ಕೋಟಿನ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿ ಕೂತಿದ್ದವು. ಬಲಗಾಲಿನಲ್ಲಿ ಅವರ ಚಪ್ಪಲಿ, ಎಡಗಾಲಿನಲ್ಲಿ ಅವರ ಹೆಂಡತಿಯದು.

“ಶಾಲು ಎಲ್ಲಿ?” ಎಂದರು.

“ಯಾವ ಶಾಲು?”

“ನಮ್ಮಜ್ಜಿ ಶಾಲು ಕಣಮ್ಮಾ ಪದ್ಮಾಸನಿ. ಎಲ್ಲಿಟ್ಟಿದ್ದೀಯ?”

“ನಿಮ್ಮಜ್ಜಿ ಹೋಗಿ ನನ್ನ ವಯಸ್ಸಿನಷ್ಟು ಕಾಲ ಆಯ್ತಲ್ಲ!”

“ಅಜ್ಜಿ ಹೋದ್ರು. ಶಾಲು ಹೋಗಿರ್ಲಿಲ್ಲ. ಹೋದ ವಾರದ ತನಕ ಹೆಗಲ ಮೇಲೇ ಇತ್ತು.”

ನನ್ನ ನಿದ್ದೆ ಅಲ್ಲಿಗೆ ಪೂರ್ತಿ ಹಾರಿತು. ಹಿರಿಯಣ್ಣಯ್ಯನವರು ಊರಿನವರ ಮುಖಚಿತ್ರಗಳನ್ನೆಲ್ಲ ತೂಗುಹಾಕುವ ನಮ್ಮ ಮೊಗಸಾಲೆಗೆ ಅಧ್ಯಕ್ಷರು. ನಾನು ಅದೇ ಊರಿನಲ್ಲಿ ಮುಖ ಬರೆದು ಬದುಕುವವಳು. ಅವರ ಅಜ್ಜಿ ಚೆಲುವಾಜಮ್ಮನವರ ಚಿತ್ರದ ಕಟ್ಟು ಸಡಿಲವಾಗಿದೆಯೆಂದು ಅದು ಒಂದು ವಾರ ನನ್ನ ಬಳಿ ಇತ್ತು. ಗೋಡೆಗೆ ಮುಖ ಮಾಡಿ ನಿಂತಿದ್ದ ಚಿತ್ರವನ್ನು ಹಿಂದಿನಿಂದಲೇ ಕಂಬಳಿಯಲ್ಲಿ ಸುತ್ತಿ ಆ ಸಂಜೆಯಷ್ಟೇ ಮನೆಗೆ ತಲುಪಿಸಿದ್ದೆ. ಊಟವಾದ ಮೇಲೆ ಅವರು ಕಂಬಳಿ ಬಿಚ್ಚಿದ್ದಾರೆ. ಅಜ್ಜಿಯ ಹೆಗಲು ಬರಿದು.

“ಕಣ್ಣು ಮುಚ್ಕೊಂಡೇ ಬಿಳಿ ಬಟ್ಟೆ ಹೊದಿಸಿ ಓಡಿ ಬಂದೆ. ಆ ಖಾನಾವಳಿಯವಳ ಚಿತ್ರ ಎಲ್ಲಿದೆ, ತೋರ್ಸು!”

ಅವರ ಸಂಶಯ ಎತ್ತ ಓಡಿತ್ತೆಂದು ನನಗೆ ಆಗ ತಿಳಿಯಿತು. ಓದುವವರಿಗೂ ತಿಳಿಯಬೇಕಾದರೆ ಬಾಗಿಲನ್ನು ಹೀಗೇ ತೆರೆದಿಟ್ಟು ಕೆಲವು ಸಂಗತಿಗಳನ್ನು ಹೇಳಿಬಿಡಬೇಕು.

ನಮ್ಮೂರಿನಲ್ಲಿ ಬರೆದ ಮುಖ ತಾನಾಗಿ ಒಣಗುವುದಿಲ್ಲ. ಊರಿನ ಹಳೆಯ ಚಿತ್ರವೊಂದರಿಂದ ಏನಾದರೂ ಒಂದು, ಅದು ಪೇಟವಾಗಲಿ, ಮೂಗುಬೊಟ್ಟಾಗಲಿ, ಕಿಟಕಿಯಾಚೆಯ ಒಂದು ತುಂಡು ಮೋಡವಾಗಲಿ, ಬಂದು ಸೇರುವ ತನಕ ಬಣ್ಣ ಹಸಿಯಾಗಿಯೇ ಉಳಿಯುತ್ತದೆ. ಅದಕ್ಕಾಗಿ ಎರಡು ಚಿತ್ರಗಳನ್ನು ರಾತ್ರಿ ಎದುರುಬದುರು ನಿಲ್ಲಿಸುತ್ತೇವೆ. ಬೆಳಿಗ್ಗೆ ಎರವಲು ಹೊಸದರಲ್ಲಿರುತ್ತದೆ. ಹಳೆಯದರಲ್ಲಿ ಆ ಜಾಗ ಖಾಲಿ. ಡಾಕ್ಟರ್ ವಾಮನಮೂರ್ತಿಗಳ ಕೊರಳಿನ ಸ್ಟೆತಾಸ್ಕೋಪು ಈಗ ಜಿಮ್ ನಡೆಸುವ ಅವರ ಮೊಮ್ಮಗಳ ಕೊರಳಿನಲ್ಲಿದೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಬರೆಸಿಕೊಂಡ ಹುಡುಗಿಯೊಬ್ಬಳು ಯಾರದೋ ಮುತ್ತಜ್ಜಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಳೆ. ಒಂದು ಹಸಿರು ಗಿಳಿಯಂತೂ ಊರಿನ ಅರ್ಧ ಮನೆ ಸುತ್ತಿ, ಕೊನೆಗೆ ಒಬ್ಬ ವಕೀಲರ ಭುಜದ ಮೇಲೆ ನೆಲೆಸಿತು. ಅವರಿಗೂ ಅದಕ್ಕೂ ಮುಖದ ಹೋಲಿಕೆಯಿದೆ ಎಂದು ಜನ ಆಡಿಕೊಳ್ಳುತ್ತಾರೆ. ಚಿತ್ರವೊಂದರೊಳಗೆ ಇನ್ನೊಂದು ಚಿತ್ರ ಉಸಿರಾಡುವುದನ್ನು ಕಲೆಯ ಪಂಡಿತರು ಏನೋ ದೊಡ್ಡ ಹೆಸರಿಟ್ಟು ಕರೆಯುತ್ತಾರಂತೆ. ನಮಗೆ ಅದು ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದಷ್ಟು ಸಹಜ. ಹೆಪ್ಪು ಕೊಟ್ಟವರಿಗೂ ತಂದವರಿಗೂ ಬಾಂಧವ್ಯ ಬೆಳೆಯುವಂತೆ, ಎರವಲಿನಿಂದಲೂ ನೆಂಟಸ್ತನ ಬೆಳೆಯುತ್ತದೆ. ಮೀಸೆಯ ನೆಂಟರು, ಕುರ್ಚಿಯ ಬೀಗರು ಎಂದೆಲ್ಲ ಹೇಳಿಕೊಂಡು ಹಬ್ಬಕ್ಕೆ ಬಂದು ಹೋಗುತ್ತಾರೆ.

ಇದಕ್ಕೆಲ್ಲ ಒಂದು ಮರ್ಯಾದೆಯಿದೆ. ಎರವಲು ಹೋದ ಚಿತ್ರದ ಖಾಲಿ ಜಾಗವನ್ನು ದಿಟ್ಟಿಸುವುದು, ಹಲ್ಲಿಲ್ಲದವರ ಬಾಯನ್ನು ದಿಟ್ಟಿಸಿದಷ್ಟೇ ಅಸಭ್ಯ. ಆದ್ದರಿಂದ ಅದಕ್ಕೆ ಬಿಳಿ ಬಟ್ಟೆ ಹೊದಿಸಿ, ಹುಣ್ಣಿಮೆಯ ದಿನ ಮೊಗಸಾಲೆಯಲ್ಲಿ ಹೊಸ ಚಿತ್ರದ ಪಕ್ಕದಲ್ಲಿಟ್ಟೇ ತೆರೆಯುತ್ತಾರೆ. ಹೊಸದರ ಮೇಲೆ ಅಧ್ಯಕ್ಷರು ತೆಳುವಾದ ಬಿಳಿ ಮಲ್ಲುಬಟ್ಟೆ ಎಳೆದು, ಅದಕ್ಕೆ ಬಣ್ಣದ ಕಲೆ ಹತ್ತದಿದ್ದರೆ, ಕೊಟ್ಟವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಹೆಸರು ಕೂಗಿದ ಮೇಲೆಯೇ ಚಿತ್ರ ಮೊಳೆಗೇರುವುದು. ನನ್ನಂಥವರ ಕೋಣೆಗೆ ಬಂದ ಹಳೆಯ ಚಿತ್ರಗಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಇಲ್ಲದಿದ್ದರೆ ಯಾರ ಕೈಬಳೆ ಯಾರ ಕೈಗೆ ಹೋದೀತೋ ಹೇಳಲಾಗದು. ಇನ್ನು ಕದ್ದ ಎರವಲು ನಿಲ್ಲುವುದಿಲ್ಲ. ಮನಸಾರೆ ಕೊಟ್ಟದ್ದು ಮಾತ್ರ ಉಳಿಯುತ್ತದೆ, ಕದ್ದದ್ದು ಮೂರನೆಯ ಬೆಳಗಿಗೆ ತನ್ನ ಮನೆಗೆ ಹೊರಟುಬಿಡುತ್ತದೆ. ಹಿಂದೊಬ್ಬ ಮದುಮಗ ಹೀಗೆ ಒಂದು ಕಾಸಿನಸರ ಹಾರಿಸಿದ್ದ. ಸರ ಹಿಂತಿರುಗುವಾಗ ಸುಮ್ಮನೆ ಹೋಗಲಿಲ್ಲ, ವಧುವಿನ ಗಲ್ಲದ ಬಣ್ಣವನ್ನೂ ಎಳೆದುಕೊಂಡು ಹೋಯಿತು. ಆ ಹೆಂಗಸು ಇಂದಿಗೂ ಚಿತ್ರದಲ್ಲಿ ಗಲ್ಲವಿಲ್ಲದೆ ನಗುತ್ತಿದ್ದಾಳೆ.

ಖಾನಾವಳಿಯವಳು ಎಂದರೆ ಗುರುಸಿದ್ದವ್ವ. ಹೊಳೆಯಾಚೆಯ ಸೀಮೆಯಿಂದ ಗಂಡನ ಜೊತೆ ಬಂದವಳು. ಗಂಡ ತೀರಿಕೊಂಡ ಮೇಲೂ ಒಲೆ ಆರಿಸದೆ ಉಳಿದವಳು. ಹಳೆಯ ಪೇಟೆಯ ಓಣಿಯಲ್ಲಿ ನನ್ನ ಕೋಣೆಗೂ ಅವಳ ಅಡುಗೆಮನೆಗೂ ಒಂದೇ ಗೋಡೆ. ಬೆಳಕು ಹರಿಯುವ ಮೊದಲೇ ಅವಳು ಜೋಳದ ರೊಟ್ಟಿ ಬಡಿಯಲು ಕೂತರೆ, ನನ್ನ ಲೋಟದೊಳಗಿನ ಕುಂಚಗಳು ಆ ತಾಳಕ್ಕೆ ಅಲುಗಾಡುತ್ತವೆ. ಊರಿನಲ್ಲಿ ಅವಳ ರೊಟ್ಟಿ ತಿನ್ನದವರಿಲ್ಲ. ಆದರೆ ಮೊಗಸಾಲೆಯಲ್ಲಿ ಅವಳ ಮುಖವಿಲ್ಲ. ಇಷ್ಟು ಕಾಲ ಅದರಿಂದ ತೊಂದರೆಯಾಗಿರಲಿಲ್ಲ. ಈ ವರ್ಷ ಹಳೆಯ ಓಣಿಯನ್ನು ಕೆಡವುವುದೆಂದು ಗೊತ್ತುಮಾಡಿ ಹೊಸ ಪೇಟೆ ಕಟ್ಟಿಸಿದರು. ಮೊಗಸಾಲೆಯಲ್ಲಿ ಮುಖವಿದ್ದವರಿಗೆ ಮಾತ್ರ ಅಲ್ಲಿ ಅಂಗಡಿ ಎಂದು ಸಾರಿದರು. ಹುಣ್ಣಿಮೆಯೊಳಗೆ ಅವಳ ಚಿತ್ರ ತೂಗದಿದ್ದರೆ, ಒಲೆ ಹಂಚುಗಳನ್ನು ಗಾಡಿಗೆ ಹೇರಿಕೊಂಡು ಹೊಳೆ ದಾಟಬೇಕು. ಆ ದಡದಲ್ಲಿ ಅವಳಿಗಾಗಿ ಕಾಯುವವರು ಯಾರೂ ಉಳಿದಿರಲಿಲ್ಲ.

ಅವಳು ನನ್ನೆದುರು ಬರೆಸಿಕೊಳ್ಳಲು ಕೂತ ದಿನ, ಮೊಗಸಾಲೆಯವರು ಮೆಚ್ಚಲಿ ಎಂಬ ಆಸೆಯಿಂದ, “ಕೈಗೆ ಒಂದು ಪುಸ್ತಕ ಕೊಡಲೇನು? ಎಲ್ಲರೂ ಹಿಡ್ಕೊಳ್ತಾರೆ” ಎಂದೆ.

“ಪುಸ್ತಕ ಯಾಕ್ರೀ ಅಕ್ಕಾರ? ನೋಡಿದವ್ರು, ಇಕಿ ಓದಾಕತ್ತಾಳ, ರೊಟ್ಟಿ ಯಾವಾಗ ಬಡೀತಾಳ, ಅಂದಾರು.”

ಹಾಗೆ ಅವಳನ್ನು ಅವಳಂತೆಯೇ ಬರೆದೆ. ತಲೆಯ ಮೇಲೆ ಕೆಂಪು ಸೆರಗು, ಖಣದ ಕುಪ್ಪಸ, ಗಂಡ ಹೋದ ಮೇಲೂ ಅಳಿಸದ ಕಾಸಗಲದ ಕುಂಕುಮ, ಹಿಟ್ಟು ಮೆತ್ತಿದ ಬೆರಳು. ಎಡ ಮುಂಗೈಯ ಒಳಭಾಗದಲ್ಲಿ ಹಸಿರು ಹಚ್ಚೆ: ಮೇಲೆ ಚುಕ್ಕಿಗಳ ಬಳ್ಳಿ, ಅದರಡಿಯಲ್ಲಿ ಅಕ್ಷರಗಳು.

“ಇದು ನಿಮ್ಮದೇ ಹೆಸರಲ್ಲವಾ?” ಎಂದು ಕೇಳಿದೆ.

“ಮತ್ತ್ಯಾರದ್ರಿ? ನಮ್ಮ ಕಡೆ ತವರಾಗ ಹೆಸರು ಬರಸೇ ಕಳಸ್ತಾರ. ಕೊಟ್ಟ ಮನ್ಯಾಗ ಏನರ ಕರೀಲಿ, ಕೈಯಾಗಿಂದು ಅಳಸಾಕ ಬರೂದಿಲ್ಲ ನೋಡ್ರಿ.”

ಚಿತ್ರವೇನೋ ಚೆನ್ನಾಗಿ ಬಂತು. ಒಣಗಬೇಕಲ್ಲ! ಎರವಲಿಗಾಗಿ ನಾನೇ ಮನೆಮನೆ ತಿರುಗಿದೆ. ಡಾಕ್ಟರ ಸೊಸೆ ಕಾಫಿ ಕೊಟ್ಟು, “ಕೊಡ್ತಿದ್ವಿ ಕಣ್ರೀ. ಆದ್ರೆ ನಮ್ಮ ಮಾವನೋರ ಚಿತ್ರದಲ್ಲಿ ಈಗ ಉಳ್ದಿರೋದು ಮಾವನೋರೊಬ್ಬರೇ” ಎಂದು ನಿಟ್ಟುಸಿರಿಟ್ಟರು. ಗಿಳಿಯ ವಕೀಲರು ಗಿಳಿಗೆ ಹುಷಾರಿಲ್ಲ ಎಂದರು. ನಿಜವನ್ನು ಹೇಳಿದವರು ಬಟ್ಟೆ ಅಂಗಡಿಯ ಸೀತಾಪತಿಗಳೊಬ್ಬರೇ: “ಕೊಟ್ರೆ ನೆಂಟರಾಗ್ಬಿಡ್ತಾರಲ್ಲ ಪದ್ಮಾಸನಿ. ರೊಟ್ಟಿ ತಿನ್ನೋದು ಬೇರೆ, ಹಬ್ಬಕ್ಕೆ ಕರೆಯೋದು ಬೇರೆ.”

ಕೊನೆಗೆ ಹಿರಿಯಣ್ಣಯ್ಯನವರ ಪಡಸಾಲೆಯಲ್ಲಿ ಕೂತೆ. ಎದುರಿಗೆ ಚೆಲುವಾಜಮ್ಮನವರು ತೂಗುತ್ತಿದ್ದರು. ಕುಂಕುಮ ಬಣ್ಣದ, ಮಾವಿನಕಾಯಿ ಅಂಚಿನ ಶಾಲು ಹೆಗಲಿನಿಂದ ಇಳಿದು ಎಡತೋಳನ್ನು ಬೆರಳ ತುದಿಯವರೆಗೂ ಮುಚ್ಚಿತ್ತು. ಊರಿನಲ್ಲಿ ಏನನ್ನೂ ಕಳೆದುಕೊಳ್ಳದ ಚಿತ್ರ ಅದೊಂದೇ.

“ಅವಳ ಚಿತ್ರದಲ್ಲಿ ನಮ್ಮೂರಿಂದು ಏನಿದೆ, ಹೇಳು? ಹೇಗೆ ತೂಗುಹಾಕ್ಲಿ?” ಎಂದರು ಅಧ್ಯಕ್ಷರು.

“ನೀವು ಕೊಟ್ರೆ ಇರುತ್ತೆ.”

“ನಮ್ಮೂರಿನವಳಾಗಿದ್ರೆ ಕೊಡಬಹುದಿತ್ತು.”

“ಕೊಟ್ರೆ ನಮ್ಮೂರಿನವಳಾಗ್ತಾಳೆ.”

“ಆದ್ಮೇಲೆ ಬರ್ಲಿ, ಕೊಡೋಣ.” ಗಾಣದ ಸುತ್ತ ಎತ್ತು ತಿರುಗಿದ ಹಾಗೆ ಮಾತು ತಿರುಗಿ ಅಲ್ಲಿಗೇ ಬಂತು. ಅವರು ಅಜ್ಜಿಯತ್ತ ಕೈ ತೋರಿಸಿದರು. “ಒಂದು ಎಳೆ ಆಚೆ ಹೋಗಿಲ್ಲ ನೋಡು. ಜನ್ಮದಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವರಲ್ಲ ನಮ್ಮಜ್ಜಿ. ಅಂಥ ಗಾಂಭೀರ್ಯ! ಚೆಲುವಾಜಮ್ಮ ಅನ್ನೋದು ಹಿರೀಸೊಸೇರಿಗೆ ನಮ್ಮನೆ ಇಡೋ ಹೆಸರು.”

ಒಳಗಿನಿಂದ ಅವರ ಹೆಂಡತಿ ತುಂಗಮ್ಮನವರ ದನಿ ತೇಲಿಬಂತು: “ನನಗೂ ಇಡೋಕೆ ಬಂದಿದ್ರು. ಇರೋ ಹೆಸರಿಗೇ ಓಗೊಡೋಕೆ ಪುರುಸೊತ್ತಿಲ್ಲ ಅಂದೆ.”

ಚಿತ್ರದ ಕಟ್ಟು ಅಲುಗುತ್ತಿದ್ದದ್ದನ್ನು ತೋರಿಸಿ, ಹುಣ್ಣಿಮೆಗೆ ಮೊದಲು ಬಿಗಿ ಮಾಡಿಸಿಕೊಡೆಂದು ಅವರೇ ಅದನ್ನು ನನ್ನ ಬಳಿಗೆ ಕಳಿಸಿದ್ದು ಆ ಭೇಟಿಯಲ್ಲಿಯೇ. ಕಟ್ಟಿನ ಕೆಲಸ ಮೊದಲ ದಿನವೇ ಮುಗಿಯಿತು. ಆಗ ಹತ್ತಿರದಿಂದ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಶಾಲಿನ ಕುಂಚದ ಓಟ ಉಳಿದ ಚಿತ್ರದ ಓಟದಂತಿರಲಿಲ್ಲ. ಮುಖ, ಕುರ್ಚಿ, ಸೀರೆ ಎಲ್ಲ ಒಬ್ಬರ ಕೈ. ಶಾಲು ಮಾತ್ರ ಇನ್ಯಾರೋ ಆಮೇಲೆ ಮೇಲಿನಿಂದ ಬರೆದದ್ದು. ಇರಲಿ, ಅಂದಿನ ಕಾಲದಲ್ಲಿ ಹಣವಂತರು ಚಿತ್ರಕ್ಕೂ ಒಡವೆ ವಸ್ತ್ರ ಸೇರಿಸುತ್ತಿದ್ದರು ಎಂದುಕೊಂಡೆ. ಪದ್ಧತಿಯಂತೆ ಅಜ್ಜಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಆ ಗೋಡೆಯಾಚೆ ಗುರುಸಿದ್ದವ್ವನ ಒಲೆ.

ಅದೇ ವಾರ ಗುರುಸಿದ್ದವ್ವ ತನ್ನ ಹಸಿ ಚಿತ್ರವನ್ನು ಕೇಳಿಕೊಂಡು ಬಂದಳು. ನನ್ನ ಕೋಣೆಯಲ್ಲಿ ಅದರ ಕೆನ್ನೆಗೆ ಒಂದು ನೊಣ ಅಂಟಿಕೊಂಡು ದೃಷ್ಟಿಬೊಟ್ಟಿನಂತೆ ಕಾಣುತ್ತಿತ್ತು. “ಯಾರೂ ಏನೂ ಕೊಡೂದಿಲ್ಲ ಅಂದ್ರ, ಒಲಿ ಕಾವಿಗರ ಒಣಗೀತು, ಕೊಡ್ರಿ” ಎಂದಳು. ಕಾವಿಗೆ ಒಣಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಕೊಟ್ಟೆ. ಅವಳು ಅದನ್ನು ಒಲೆಗೆ ನೇರ ಎದುರಿನ ಗೂಟಕ್ಕೆ ನೇತುಹಾಕಿದಳು.

ಈಗ ಮತ್ತೆ ತೆರೆದ ಬಾಗಿಲಿಗೆ ಬರುತ್ತೇನೆ. ಹಿರಿಯಣ್ಣಯ್ಯನವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಪಕ್ಕದ ಬಾಗಿಲಿಗೂ ಅದೇ ಗುದ್ದು ಬಿತ್ತು. ಗುರುಸಿದ್ದವ್ವ ಕಣ್ಣುಜ್ಜಿಕೊಂಡು ಅಡುಗೆಮನೆಯ ದೀಪ ಹಾಕಿದಳು. ಮೂವರೂ ಒಟ್ಟಿಗೆ ತಲೆಯೆತ್ತಿದೆವು.

ಗೂಟದ ಮೇಲಿನ ಚಿತ್ರದಲ್ಲಿ, ಖಣದ ಕುಪ್ಪಸದ ಹೆಗಲ ಮೇಲೆ, ಕುಂಕುಮ ಬಣ್ಣದ ಶಾಲು ಅಚ್ಚುಕಟ್ಟಾಗಿ ಹೊದಿಸಿದಂತಿತ್ತು. ಮಾವಿನಕಾಯಿ ಅಂಚು ಒಲೆಯ ಕೆಂಡದ ಬೆಳಕಿಗೆ ಮಿನುಗುತ್ತಿತ್ತು.

“ಯಪ್ಪಾ!” ಎಂದಳು ಗುರುಸಿದ್ದವ್ವ. “ಮಲಗೂ ಮುಂದ ಇದ್ದಿದ್ದಿಲ್ರೀ ಇದು... ಅಲ್ಲ, ನಾ ನೋಡಿದ್ದಿಲ್ಲೇನೋ. ದಿನಾ ಹೊಗ್ಯಾಗ ಏನ್ ಕಾಣತೈತಿ? ಅಕ್ಕಾರ, ನೀವ ಬರದ್ರೇನು?”

“ನಾನಲ್ಲ” ಎಂದೆ.

“ನೀನು ತಿರುಗಿಸಿಟ್ಟಿದ್ದೀಯ!” ಅಧ್ಯಕ್ಷರು ನನ್ನತ್ತ ಬೆರಳು ಚಾಚಿದರು. “ಇಲ್ಲಾ, ಇವಳು ನುಗ್ಗಿ ತಿರುಗಿಸಿದ್ದಾಳೆ. ಕಳ್ಳಿ!”

ಗುರುಸಿದ್ದವ್ವ ಸೆರಗು ಬಿಗಿದು ನಿಂತಳು. “ಅಧ್ಯಕ್ಷರ, ನಿಮ್ಮ ಹಿರೇತನಕ್ಕ ಸುಮ್ಮನದೀನಿ. ರೊಟ್ಟಿ ಬಡದು ಬದುಕೀನಿ, ಮಂದಿ ಶಾಲು ಎಳದು ಬದುಕಿಲ್ಲ. ಕದ್ದದ್ದಾದ್ರ ನನಗ ಬ್ಯಾಡ. ಹುಣ್ಣಿವಿ ದಿನ ತಾನ ಹೋಗತೈತಿ, ಅದರ ಹಿಂದ ನಾನೂ ಹೋಗತೀನಿ. ನಿಂತರ?”

“ನಿಲ್ಲಲ್ಲ.”

“ನಿಂತರ?”

“ನಿಲ್ಲೋಕೆ ಯಾರು ಕೊಟ್ಟಿದ್ದಾರೆ? ನಾನು ಕೊಟ್ಟಿಲ್ಲ!” ಎಂದು ಅವರು ಕೂಗಿದರು. ಕಳುವು ಕಂಡ ಆ ರಾತ್ರಿಯಿಂದ ಎಣಿಸಿದರೆ ಮೂರನೆಯ ಬೆಳಗು ಎಂದರೆ ಸರಿಯಾಗಿ ಹುಣ್ಣಿಮೆಯ ಬೆಳಗು. ಅದರ ತನಕ ಯಾರೂ ಈ ಚಿತ್ರವನ್ನು ಮುಟ್ಟದಂತೆ ತಾವೇ ಕಾಯುವುದಾಗಿ ಘೋಷಿಸಿ, ಬೆಳಗಾದೊಡನೆ ಮನೆಯಿಂದ ಒರಗುಕುರ್ಚಿ ತರಿಸಿ ಖಾನಾವಳಿಯ ಅಡುಗೆಮನೆಯಲ್ಲಿ ಹಾಕಿಕೊಂಡರು.

ಊರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ. ರೊಟ್ಟಿ ಬೇಡದವರೂ ರೊಟ್ಟಿ ತಿನ್ನಲು ಬಂದರು. ಅಧ್ಯಕ್ಷರು ಮೊದಲ ದಿನ ಮನೆಯಿಂದ ಬುತ್ತಿ ತರಿಸಿದರು. ಮಧ್ಯಾಹ್ನ ಎಣ್ಣೆಗಾಯಿಯ ಬಾಣಲೆ ಒಲೆಯಿಂದ ಇಳಿಯಿತು. ಬುತ್ತಿಯ ಮೊಸರನ್ನ ಅರ್ಧಕ್ಕೇ ಉಳಿಯಿತು.

“ಒಂದ್ ರೊಟ್ಟಿ ಹಾಕ್ಲಿರೇನು?”

“ಬೇಡ. ನಾನು ಕಾವಲಿಗೆ ಬಂದಿರೋದು.”

“ಕಾವಲಿನವ್ರು ಹಸದಿರಬಾರದ್ರಿ, ಕಣ್ಣು ಮಂಜಾಗತಾವ.”

ತಿಂದರು. ಎರಡನೆಯದನ್ನೂ ತಿಂದರು. “ಚೆನ್ನಾಗಿದೆ ಅಂತಲ್ಲ, ಸುಮ್ನೆ ಕೂತಿರೋಕಾಗಲ್ವಲ್ಲ” ಎಂದು ನನಗೆ ಸಮಜಾಯಿಷಿ ಕೊಟ್ಟರು. ಆದರೆ ಅವರ ಕಾವಲಿಗೆ ಬೇರೊಂದು ಅಡ್ಡಿ ಎದುರಾಯಿತು. ಗುರುಸಿದ್ದವ್ವ ಹಿಟ್ಟಿನ ಮುಂದೆ ಕೂತು ತಪತಪನೆ ಬಡಿಯಲು ತೊಡಗಿದರೆ ಸಾಕು, ಅಧ್ಯಕ್ಷರ ರೆಪ್ಪೆಗಳು ಜೋಲುತ್ತಿದ್ದವು. ಹತ್ತಾರು ಜನರ ಗದ್ದಲದ ನಡುವೆ ಕೂಸಿನಂತೆ ನಿದ್ದೆ ಹೋಗುತ್ತಿದ್ದರು. ಸದ್ದು ನಿಂತೊಡನೆ ಬೆಚ್ಚಿ ಏಳುತ್ತಿದ್ದರು.

“ಏನಿದು ಅಧ್ಯಕ್ಷರೇ?” ಎಂದು ಕೇಳಿದೆ.

“ಏನೋಮ್ಮ. ಚಿಕ್ಕಂದಿನಲ್ಲಿ ಅಜ್ಜಿ ನನ್ನನ್ನ ಹೀಗೇ ತಟ್ಟಿ ಮಲಗಿಸ್ತಿದ್ರು. ಮಾತಿಲ್ಲ, ಹಾಡಿಲ್ಲ, ಬರೀ ಅಂಗೈ. ತಪ್... ತಪ್... ಬೇರೆ ಮನೆ ಅಜ್ಜಿಯರು ಹಾಗೆ ತಟ್ಟುತ್ತಿರ್ಲಿಲ್ಲ.” ಕೋಟಿನ ಗುಂಡಿ ಸರಿಮಾಡಿಕೊಂಡು, “ಅದಿರ್ಲಿ, ನೀನು ನನ್ನ ಗಮನ ಬೇರೆ ಕಡೆಗೆಳೀಬೇಡ” ಎಂದರು.

ನನ್ನ ಗಮನ ಮಾತ್ರ ಅಲ್ಲಿಂದ ಕದಲಲಿಲ್ಲ. ಆ ಸಂಜೆ ನನ್ನ ಕೋಣೆಗೆ ಬಂದು, ಅಜ್ಜಿಯ ಚಿತ್ರ ನಿಂತಿದ್ದ ಜಾಗದಲ್ಲಿ ನಾನೇ ಗೋಡೆಗೆ ಮುಖ ಮಾಡಿ ನಿಂತೆ. ಮೂಗಿನ ಮುಂದೆ ಸುಣ್ಣ ಬಳಿದ ಗೋಡೆ. ಅದರಾಚೆ ಒಲೆ. ಒಲೆಯಾಚೆ, ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ, ಆ ಗೂಟ. ಅಲ್ಲಿಗೆ ಯಾರೂ ಯಾವ ಚಿತ್ರವನ್ನೂ ತಿರುಗಿಸಬೇಕಾಗಿರಲಿಲ್ಲ. ಗುರುಸಿದ್ದವ್ವ ತನ್ನ ಚಿತ್ರ ಒಯ್ದ ದಿನದಿಂದ ಆ ಎರಡು ಚಿತ್ರಗಳು ಎದುರುಬದುರಾಗಿಯೇ ಇದ್ದವು. ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ಅಡ್ಡ ನಿಂತ ಗೋಡೆಯನ್ನು ದಾಟಿ ಎರವಲು ಹೋದದ್ದನ್ನು ನಾನೆಂದೂ ಕೇಳಿರಲಿಲ್ಲ. ಆದರೆ ರೊಟ್ಟಿಯ ಸದ್ದು ದಿನಾ ದಾಟುತ್ತಿತ್ತಲ್ಲ! ದಾರಿ ತಿಳಿಯಿತು. ಕೊಟ್ಟವರು ಯಾರೆಂಬುದು ಇನ್ನೂ ತಿಳಿಯಲಿಲ್ಲ. ಅಥವಾ ತಿಳಿದದ್ದನ್ನು ನಂಬುವ ಧೈರ್ಯ ನನಗಿರಲಿಲ್ಲ.

ಹುಣ್ಣಿಮೆಯ ಬೆಳಗು. ನಾನು ಖಾನಾವಳಿಗೆ ಹೋಗುವ ಹೊತ್ತಿಗೆ ಗುರುಸಿದ್ದವ್ವ ಒಲೆ ಹೊತ್ತಿಸಿರಲಿಲ್ಲ. ಹಂಚು, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಚಿತ್ರದ ಕಡೆಗೆ ಬೆನ್ನು ಮಾಡಿ ಕೂತಿದ್ದಳು.

“ನೋಡಿದಿರಾ?” ಎಂದೆ.

“ಇಲ್ರೀ. ನೀವ ನೋಡಿ ಹೇಳ್ರಿ. ಗಲ್ಲ ಐತೇನು?”

ಗಲ್ಲವಿತ್ತು. ಶಾಲೂ ಇತ್ತು.

ಮೊಗಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗಳ ತುಂಬ ಮುಖಗಳು, ನೆಲದ ತುಂಬ ಮುಖಗಳು. ಮೇಲಿನವುಗಳಲ್ಲಿ ಪೇಟವಿಲ್ಲದ ತಲೆ, ಕುರ್ಚಿಯಿಲ್ಲದೆ ಗಾಳಿಯಲ್ಲಿ ಕೂತವರು, ಗಿಳಿ ಹಾರಿಹೋದ ಬೆರಳು. ಕೆಳಗಿನವರೆಲ್ಲ ಪೂರ್ತಿಯಾಗಿದ್ದರು, ಆದರೆ ಅಷ್ಟು ನೆಮ್ಮದಿಯಾಗಿ ಕಾಣುತ್ತಿರಲಿಲ್ಲ. ಎದುರಿನ ಮಣೆಯ ಮೇಲೆ ಗುರುಸಿದ್ದವ್ವನ ಚಿತ್ರ. ಪಕ್ಕದಲ್ಲಿ ಬಿಳಿ ಬಟ್ಟೆ ಹೊದ್ದ ಚೆಲುವಾಜಮ್ಮನವರು. ಹಿರಿಯಣ್ಣಯ್ಯನವರು ಮಲ್ಲುಬಟ್ಟೆಯನ್ನು ಹಣೆಯಿಂದ ಕೆಳಕ್ಕೆ ಎಳೆದರು. ಕುಂಕುಮದ ಮೇಲೆ, ಸೆರಗಿನ ಮೇಲೆ, ಶಾಲಿನ ಮೇಲೆ ಒತ್ತಿ ಒತ್ತಿ ಎಳೆದರು. ಬಟ್ಟೆಯನ್ನು ಬೆಳಕಿಗೆ ಹಿಡಿದರು. ಹಾಲಿನಷ್ಟು ಬಿಳುಪು. ಒಣಗಿದ ಒಂದು ನೊಣ ಮಾತ್ರ ಉದುರಿತು.

ಸಾಲೆಯಲ್ಲಿ ಗುಜುಗುಜು ಎದ್ದಿತು. ಅವರು ಗಿರಕ್ಕನೆ ಹೆಂಡತಿಯತ್ತ ತಿರುಗಿದರು. “ತುಂಗಾ, ನೀನಾ ಕೊಟ್ಟಿದ್ದು?”

“ನಾನಾಗಿದ್ರೆ ಶಾಲೊಂದೇ ಯಾಕೆ ಕೊಡ್ಲಿ? ವರ್ಷವಿಡೀ ಧೂಳು ಹೊಡೆಯೋ ಕೆಲಸ ತಪ್ಪಲಿ ಅಂತ ಚಿತ್ರಾನೇ ಕೊಟ್ಟಿರ್ತಿದ್ದೆ.”

ಜನ ನಕ್ಕರು. ಅಧ್ಯಕ್ಷರು ನಗಲಿಲ್ಲ. “ನಾನು ಕೊಟ್ಟಿಲ್ಲ, ಇವಳು ಕೊಟ್ಟಿಲ್ಲ. ಮನೇಲಿ ಬೇರೆ ಯಾರೂ ಇಲ್ಲ. ಒಣಗಿರಬಹುದು, ಒಪ್ಪಿದೆ. ಆದ್ರೆ ಕೊಟ್ಟವರ ಹೆಸರು ಕೂಗದೆ ಮೊಳೆಗೇರಿಸೋ ಹಾಗಿಲ್ಲ. ಯಾರ ಹೆಸರು ಕೂಗ್ಲಿ? ಹೇಳಿ! ಹೆಸರಿಲ್ಲ ಅಂದ್ರೆ ಚಿತ್ರ ಕೆಳಗಿಳೀಬೇಕು.”

ಗುರುಸಿದ್ದವ್ವ ನನ್ನ ಕೈ ಹಿಡಿದಳು. ಆ ಅಂಗೈ ತಣ್ಣಗಿತ್ತು. ಒಲೆಯ ಮುಂದೆ ಕೂರದ ಬೆಳಗು ಅವಳಿಗೆ ಅದೇ ಮೊದಲಿರಬೇಕು. “ಬಿಡ್ರೀ ಅಕ್ಕಾರ. ಗಾಡಿ ಹೇಳೇನಿ” ಎಂದಳು ಮೆಲ್ಲಗೆ.

ನಾನು ಎದ್ದು ನಿಂತೆ. “ಅಧ್ಯಕ್ಷರೇ, ಬಿಳಿ ಬಟ್ಟೆ ಯಾವಾಗ ಹೊದಿಸ್ತಾರೆ?”

“ಎರವಲು ಕೊಟ್ಟಾಗ.”

“ಕಳುವಾದಾಗ?”

“ಕಳುವಾದ್ರೆ ಹೊದಿಸಲ್ಲ, ಎಲ್ರಿಗೂ ತೋರಿಸ್ತೀವಿ...” ಕಳುವೆಂದು ಊರೆಲ್ಲ ಸಾರಿದವರು, ಅಭ್ಯಾಸದ ಬಲದಿಂದ ಕಣ್ಣು ಮುಚ್ಚಿಕೊಂಡು ಕೊಟ್ಟವರ ಮರ್ಯಾದೆಯನ್ನೇ ಮಾಡಿಬಿಟ್ಟಿದ್ದರು. ಹೀಗಾಗಿ ಮೂರು ದಿನ ಆ ಚಿತ್ರವನ್ನು ಯಾರೂ ನೋಡಿರಲಿಲ್ಲ. ಹೆಗಲು ಬರಿದೆಂದು ಕಂಡೊಡನೆ ಕಣ್ಣು ಮುಚ್ಚಿಕೊಂಡ ಅವರೂ ಸರಿಯಾಗಿ ನೋಡಿರಲಿಲ್ಲ.

ಗೋಡೆಯ ವಿಷಯ ಹೇಳಿದೆ. ಒಲೆ, ಗೂಟ, ಗೋಡೆಗೆ ಮುಖ ಮಾಡಿದ್ದ ಅಜ್ಜಿ, ದಾಟಿಹೋಗುತ್ತಿದ್ದ ಸದ್ದು. ಶಾಲು ಆಮೇಲೆ ಬರೆದದ್ದೆಂದೂ, ಅದರಡಿಯಲ್ಲಿ ಖಾಲಿ ಜಾಗವಿರಲಾರದೆಂದೂ ಹೇಳಿದೆ. “ಮನಸಾರೆ ಕೊಟ್ಟದ್ದು ಉಳಿಯುತ್ತೆ ಅನ್ನೋದು ನಮ್ಮ ಮಾತು. ಆದ್ರೆ ಯಾರ ಮನಸ್ಸು ಅಂತ ನಾವು ಎಂದೂ ಕೇಳ್ಲಿಲ್ಲ. ಮನೆ ಯಜಮಾನರದ್ದು ಅಂದ್ಕೊಂಡ್ವಿ. ಚಿತ್ರದಲ್ಲಿರೋರಿಗೂ ಒಂದು ಮನಸ್ಸಿರಬಹುದಲ್ಲ? ಬಟ್ಟೆ ತೆಗೀರಿ.”

ತುಂಗಮ್ಮನವರೇ ಬಂದು, ಮಲಗಿದವರನ್ನು ಎಬ್ಬಿಸುವಷ್ಟು ನಯವಾಗಿ ಬಿಳಿ ಬಟ್ಟೆಯನ್ನು ಸರಿಸಿದರು.

ಖಾಲಿ ಜಾಗವಿರಲಿಲ್ಲ. ಅಲ್ಲೊಂದು ಎಡಗೈ ಇತ್ತು. ಮೊಗಸಾಲೆಯ ಯಾವ ಚಿತ್ರದಲ್ಲಿಯೂ ಇಲ್ಲದಂಥ ಕೈ. ಅದು ಪುಸ್ತಕವನ್ನು ಹಿಡಿದಿರಲಿಲ್ಲ, ಕುರ್ಚಿಯ ಮೇಲೆ ಒರಗಿರಲಿಲ್ಲ, ಮುಂದಕ್ಕೆ ಚಾಚಿಕೊಂಡಿತ್ತು. ಯಾರಿಗೋ ಈಗಷ್ಟೇ ಏನನ್ನೋ ಹೊದಿಸಿ ಹಿಂದಕ್ಕೆ ತೆಗೆದುಕೊಳ್ಳಲು ಮರೆತ ಕೈಯಂತೆ. ಬೆರಳುಗಳ ಗೆಣ್ಣಿನವರೆಗೂ ಬಿಳಿಯ ಹಿಟ್ಟು. ಮುಂಗೈಯ ಒಳಭಾಗದಲ್ಲಿ ಹಸಿರು ಚುಕ್ಕಿಗಳ ಬಳ್ಳಿ.

ಗುರುಸಿದ್ದವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ತನ್ನ ಎಡಗೈಯ ಬಳೆಗಳನ್ನು ಮೇಲಕ್ಕೇರಿಸಿ, ಆ ಬಣ್ಣದ ಕೈಯ ಪಕ್ಕದಲ್ಲಿ ಹಿಡಿದಳು. ಬಳ್ಳಿ ಒಂದೇ. ಬಳ್ಳಿಯ ಕೆಳಗೆ ಅಲ್ಲಿಯೂ ಅಕ್ಷರಗಳಿದ್ದವು, ತವರಿನಲ್ಲಿ ಬರೆಸಿ ಕಳಿಸಿದ ಹೆಸರು.

“ನಮ್ಮಾಕಿ” ಎಂದಳು. ಅಷ್ಟೇ.

ಹಿರಿಯಣ್ಣಯ್ಯನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಬಗ್ಗಿ ಅಜ್ಜಿಯ ಮುಂಗೈಯನ್ನು ಓದಿದರು. ಒಮ್ಮೆ ಸಾಲದೆಂಬಂತೆ ಮತ್ತೆ ಓದಿದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ಅಜ್ಜಿ, ಮಾತಿಲ್ಲದೆ ಹಾಡಿಲ್ಲದೆ ಬರೀ ಅಂಗೈಯಿಂದ ತಟ್ಟಿ ಮಲಗಿಸಿದ ಅಜ್ಜಿ. ಅವರ ಬಲಗೈ ತನ್ನಷ್ಟಕ್ಕೆ ಮಣೆಯ ಅಂಚನ್ನು ಮೆಲ್ಲಗೆ ತಟ್ಟುತ್ತಿತ್ತು.

“ಅಧ್ಯಕ್ಷರ” ಎಂದಳು ಗುರುಸಿದ್ದವ್ವ, ಈ ಸಲ ಬಲು ಮೆತ್ತಗೆ. “ಗಾಡಿಯಂವ ಹೊರಗ ನಿಂತಾನ್ರಿ. ಏನ್ ಹೇಳಿ ಕಳಸ್ಲಿ?”

ಅವರು ನೆಟ್ಟಗೆ ನಿಂತರು. ಕೋಟಿನ ಗುಂಡಿಗಳೆಲ್ಲ ಅಂದು ಸರಿಯಾಗಿದ್ದವು. ಸುತ್ತಿಗೆಯನ್ನು ಕೈಗೆತ್ತಿಕೊಂಡು, ಶಾಲು ಕೊಟ್ಟವರ ಹೆಸರನ್ನು ಸಾಲೆಯ ಕಟ್ಟಕಡೆಯ ಗೋಡೆಗೂ ಕೇಳುವಂತೆ ಕೂಗಿದರು:

“ಬಾಳವ್ವ!”